ರಸ್ತೆಯನ್ನು ಪಾಲು ಮಾಡಿದ ನಗರ

ನಗರದ ರಸ್ತೆಯಲ್ಲಿ ವಾಹನಗಳು ಕದಲದೆ ನಿಂತಾಗ ನಾವೆಲ್ಲ ಹೇಳುವ ಮಾತು ಒಂದೇ: ಈ ರಸ್ತೆ ಸಾಲದು. ಬಸ್ಸಿನ ಕಂಬಿ ಹಿಡಿದು ನಿಂತವರೂ ಇದನ್ನೇ ಹೇಳುತ್ತಾರೆ, ಕಾರಿನೊಳಗೆ ಒಬ್ಬರೇ ಕುಳಿತವರೂ ಇದನ್ನೇ ಹೇಳುತ್ತಾರೆ. ಆದರೆ ಇರುವ ರಸ್ತೆಯಲ್ಲಿ ಯಾರು ಎಷ್ಟು ಜಾಗ ಹಿಡಿದಿದ್ದಾರೆ ಎಂದು ಲೆಕ್ಕ ಹಾಕುವವರು ಕಡಿಮೆ. ಅರುವತ್ತು ಎಪ್ಪತ್ತು ಜನರನ್ನು ಹೊತ್ತ ಬಸ್ಸೊಂದು, ಒಬ್ಬೊಬ್ಬರೇ ಕುಳಿತ ಹತ್ತು ಕಾರುಗಳ ಹಿಂದೆ ನಿಂತಿರುವ ದೃಶ್ಯ ನಮಗೆ ಎಷ್ಟು ಅಭ್ಯಾಸವಾಗಿದೆಯೆಂದರೆ, ಅದರಲ್ಲಿ ಅನ್ಯಾಯವೇನಾದರೂ ಇದೆಯೆಂದು ನಮಗೆ ತೋರುವುದೇ ಇಲ್ಲ.

ಬಸ್ಸು ಮತ್ತು ಸೈಕಲ್ಲುಗಳು ನಗರಗಳಲ್ಲಿ ಕಾರಿನ ಸ್ಥಾನವನ್ನು ತುಂಬಬಲ್ಲವೇ ಎಂಬ ಪ್ರಶ್ನೆ ಇಂದು ಎಲ್ಲೆಡೆ ಚರ್ಚೆಯಲ್ಲಿದೆ. ಚರ್ಚೆ ಆರಂಭವಾದೊಡನೆ ಯಾರಾದರೂ ಹಾಲೆಂಡ್, ಡೆನ್ಮಾರ್ಕ್‌ಗಳ ಉದಾಹರಣೆ ಕೊಡುತ್ತಾರೆ. ಅದಕ್ಕೆ ಉತ್ತರವೂ ಸಿದ್ಧವಾಗಿರುತ್ತದೆ: ಅವು ಶ್ರೀಮಂತ ದೇಶಗಳು, ಅಲ್ಲಿಯ ಊರುಗಳು ಸಣ್ಣವು, ನಮಗೂ ಅವರಿಗೂ ಏನು ಹೋಲಿಕೆ? ಈ ಆಕ್ಷೇಪದಲ್ಲಿ ಹುರುಳಿಲ್ಲವೆಂದಲ್ಲ. ಆದ್ದರಿಂದ ನಾವಿಲ್ಲಿ ಬೇರೊಂದು ಊರಿನ ಚರಿತ್ರೆಯನ್ನು ನೋಡೋಣ. ಅದು ಶ್ರೀಮಂತ ಊರೇನಲ್ಲ, ಸಣ್ಣದೂ ಅಲ್ಲ, ನೆಮ್ಮದಿಯ ಬೀಡಂತೂ ಅಲ್ಲವೇ ಅಲ್ಲ. ದಕ್ಷಿಣ ಅಮೆರಿಕದ ಕೊಲಂಬಿಯಾ ದೇಶದ ರಾಜಧಾನಿ ಬೊಗೊಟಾ ಆ ಊರು.

ಬೊಗೊಟಾವನ್ನು ಆರಿಸಿಕೊಳ್ಳಲು ಇನ್ನೊಂದು ಕಾರಣವೂ ಇದೆ. ಈ ನಗರದ ಬಗ್ಗೆ ಬರೆದವರಲ್ಲಿ ಹೆಚ್ಚಿನವರು ಅದರ ಗೆಲುವನ್ನು ಮಾತ್ರ ಹೇಳಿದ್ದಾರೆ. ಗೆದ್ದದ್ದರಲ್ಲಿ ಒಂದು ಪಾಲನ್ನು ಅದು ಮತ್ತೆ ಕಳೆದುಕೊಂಡಿತು. ನಮಗೆ ಹೆಚ್ಚು ಉಪಯೋಗಕ್ಕೆ ಬರುವುದು ಬಹುಶಃ ಆ ಭಾಗವೇ.

ಟ್ರಾಮ್ ಹೋಗಿ ಬಸ್ಸು ಬಂತು

ಆಂಡಿಸ್ ಪರ್ವತಶ್ರೇಣಿಯ ನಡುವಿನ ಬಯಲಿನಲ್ಲಿ ಬೊಗೊಟಾ ಇದೆ. ಸಮುದ್ರಮಟ್ಟದಿಂದ ಅದರ ಎತ್ತರ ಸುಮಾರು 2,600 ಮೀಟರ್, ಅಂದರೆ ನಮ್ಮ ಮುಳ್ಳಯ್ಯನಗಿರಿಯ ತುದಿಗಿಂತಲೂ ಹೆಚ್ಚು. ಇಲ್ಲಿ 1884ರಲ್ಲಿ ಹೇಸರಗತ್ತೆಗಳು ಎಳೆಯುವ ಟ್ರಾಮ್ ಶುರುವಾಯಿತು. ಅದನ್ನು ನಡೆಸುತ್ತಿದ್ದುದು ಒಂದು ಅಮೆರಿಕನ್ ಕಂಪೆನಿ. 1910ರಲ್ಲಿ ಆ ಕಂಪೆನಿಯ ದರ್ಪಕ್ಕೆ ಸಿಟ್ಟಾದ ಜನ ಟ್ರಾಮ್ ಹತ್ತುವುದನ್ನೇ ನಿಲ್ಲಿಸಿದರು. ತಿಂಗಳುಗಟ್ಟಲೆ ನಡೆದ ಈ ಬಹಿಷ್ಕಾರದ ಕೊನೆಗೆ ನಗರಾಡಳಿತವೇ ಟ್ರಾಮನ್ನು ಕೊಂಡುಕೊಂಡಿತು. ಊರಿನ ಸಾರಿಗೆ ಊರಿನವರ ಸೊತ್ತಾಗಬೇಕು ಎಂಬ ಭಾವನೆ ಆ ನಗರದಲ್ಲಿ ಅಷ್ಟು ಹಳೆಯದು.

ಆದರೆ ಆ ಸೊತ್ತು ಉಳಿಯಲಿಲ್ಲ. 1948ರ ಎಪ್ರಿಲ್ 9ರಂದು ಜನಪ್ರಿಯ ನಾಯಕ ಹೋರ್ಹೆ ಎಲಿಯೆಸೆರ್ ಗೈತಾನ್ ನಗರದ ನಡುಬೀದಿಯಲ್ಲಿ ಗುಂಡೇಟಿಗೆ ಬಲಿಯಾದರು. ಬೊಗೊಟಾ ಹೊತ್ತಿ ಉರಿಯಿತು. ಅಂದು ಸುಟ್ಟುಹೋದ ಆಸ್ತಿಗಳಲ್ಲಿ ಟ್ರಾಮ್ ಗಾಡಿಗಳೂ ಇದ್ದವು. ಆ ಹೊಡೆತದಿಂದ ಟ್ರಾಮ್ ಚೇತರಿಸಿಕೊಳ್ಳಲೇ ಇಲ್ಲ. 1951ರಲ್ಲಿ ಅದು ಸಂಪೂರ್ಣವಾಗಿ ನಿಂತುಹೋಯಿತು. ಅದರ ಜಾಗವನ್ನು ಖಾಸಗಿ ಬಸ್ಸುಗಳು ತುಂಬಿದವು.

ಇದೇ ಹೊತ್ತಿಗೆ ಹಳ್ಳಿಗಳಲ್ಲಿ ರಾಜಕೀಯ ಹಿಂಸೆ ಭುಗಿಲೆದ್ದಿತ್ತು. ಹೊಲ ಮನೆ ಬಿಟ್ಟು ಓಡಿಬಂದವರು ರಾಜಧಾನಿಯ ದಕ್ಷಿಣದ ಗುಡ್ಡಗಳ ಮೇಲೆ ತಗಡಿನ ಜೋಪಡಿ ಕಟ್ಟಿಕೊಂಡರು. 1951ರಲ್ಲಿ ಸುಮಾರು ಏಳು ಲಕ್ಷ ಜನರಿದ್ದ ನಗರದಲ್ಲಿ 1990ರ ದಶಕದ ಹೊತ್ತಿಗೆ ಐವತ್ತು ಲಕ್ಷ ಜನರಾಗಿದ್ದರು. ಉಳ್ಳವರ ಮನೆಗಳು ಉತ್ತರದಲ್ಲಿ, ಇಲ್ಲದವರ ಮನೆಗಳು ದಕ್ಷಿಣದಲ್ಲಿ. ಆ ಮನೆಗಳಲ್ಲಿ ಪಾತ್ರೆ ತೊಳೆಯುವವರು, ಗಾರೆ ಕೆಲಸದವರು, ಕಾವಲುಗಾರರು ದಿನಾ ಬೆಳಿಗ್ಗೆ ನಗರವನ್ನು ಅಡ್ಡ ದಾಟಿ ಕೆಲಸಕ್ಕೆ ಹೋಗಬೇಕಿತ್ತು. ಅವರಿಗಿದ್ದುದು ಬಸ್ಸೊಂದೇ.

ಆ ಬಸ್ಸುಗಳ ವ್ಯವಸ್ಥೆ ವಿಚಿತ್ರವಾದುದು. ರೂಟಿನ ಪರವಾನಿಗೆ ಕಂಪೆನಿಗಳ ಕೈಯಲ್ಲಿತ್ತು. ಆದರೆ ಬಸ್ಸುಗಳಲ್ಲಿ ಹೆಚ್ಚಿನವು ಕಂಪೆನಿಯದ್ದಲ್ಲ. ಒಂದೋ ಎರಡೋ ಬಸ್ಸು ಕೊಂಡ ಸಣ್ಣ ಮಾಲೀಕ ಕಂಪೆನಿಗೆ ಹಣ ಕಟ್ಟಿ ಆ ರೂಟಿನಲ್ಲಿ ಓಡಿಸುವ ಹಕ್ಕು ಪಡೆಯುತ್ತಿದ್ದ. ಬಸ್ಸುಗಳನ್ನು ಸೇರಿಸಿಕೊಂಡಷ್ಟೂ ಕಂಪೆನಿಗೆ ಲಾಭ. ಅಷ್ಟು ಬಸ್ಸಿಗೆ ಸಾಕಾಗುವಷ್ಟು ಪ್ರಯಾಣಿಕರಿದ್ದಾರೆಯೇ ಎಂಬುದು ಅದರ ಚಿಂತೆಯಲ್ಲ. ಚಾಲಕನ ಆದಾಯವೋ, ಹತ್ತಿಸಿಕೊಂಡ ತಲೆಗಳ ಲೆಕ್ಕದ ಮೇಲೆ. ಪರಿಣಾಮವಾಗಿ ಒಂದೇ ರೂಟಿನ ಎರಡು ಬಸ್ಸುಗಳು ಒಬ್ಬ ಪ್ರಯಾಣಿಕನಿಗಾಗಿ ಓಟಕ್ಕಿಳಿಯುತ್ತಿದ್ದವು. ನಡುರಸ್ತೆಯಲ್ಲೇ ನಿಲ್ಲಿಸಿ ಜನರನ್ನು ಹತ್ತಿಸುತ್ತಿದ್ದವು, ಇಳಿಸುತ್ತಿದ್ದವು. ಬೊಗೊಟಾದ ಜನ ಇದಕ್ಕೆ 'ಕಾಸಿನ ಯುದ್ಧ' ಎಂದು ಹೆಸರಿಟ್ಟಿದ್ದರು. ಖಾಸಗಿ ಬಸ್ಸುಗಳನ್ನೇ ನಂಬಿರುವ ನಮ್ಮ ಕರಾವಳಿಯ ಓದುಗರಿಗೆ ಇದನ್ನು ಹೆಚ್ಚು ಬಿಡಿಸಿ ಹೇಳಬೇಕಾಗಿಲ್ಲ. ಹಿಂದಿನ ಬಸ್ಸಿನ ಟೈಮಿಂಗ್ ಬಂದುಬಿಟ್ಟಿತೆಂದು ಕಂಡಕ್ಟರ್ ಬಾಗಿಲು ಬಡಿಯುವ ಸದ್ದು ನಮಗೆಲ್ಲ ಪರಿಚಿತವೇ.

ಇಷ್ಟಾದರೂ ಆ ನಗರದ ಬಹುಪಾಲು ಜನ ಬಸ್ಸಿನಲ್ಲೇ ಹೋಗುತ್ತಿದ್ದರು. ಕಾರಿನಲ್ಲಿ ಹೋಗುತ್ತಿದ್ದವರು ಪ್ರಯಾಣಿಕರಲ್ಲಿ ಹೆಚ್ಚೆಂದರೆ ಐದನೇ ಒಂದು ಪಾಲು. ಆದರೆ ರಸ್ತೆಯ ಬಹುಭಾಗವನ್ನು ಹಿಡಿದಿದ್ದವು ಅವರ ಕಾರುಗಳೇ. ನಿಲ್ಲಿಸಲು ಜಾಗ ಸಾಲದಾದಾಗ ಕಾರುಗಳು ಫುಟ್‌ಪಾತ್ ಹತ್ತಿದವು.

ಒಂದು ಭಾನುವಾರ

ಬದಲಾವಣೆಯ ಮೊದಲ ಹೆಜ್ಜೆ ಯಾವ ಅಧಿಕಾರಿಯ ಕಡತದಿಂದಲೂ ಬರಲಿಲ್ಲ. 1974ರ ಡಿಸೆಂಬರ್ 15ರಂದು ಕೆಲವು ಸೈಕಲ್ ಪ್ರಿಯರು ಸೇರಿ ನಗರದ ಎರಡು ಪ್ರಮುಖ ರಸ್ತೆಗಳನ್ನು ಕೆಲವು ಗಂಟೆಗಳ ಕಾಲ ವಾಹನಗಳಿಗೆ ಮುಚ್ಚಿಸಿದರು. ಸಾವಿರಾರು ಜನ ಸೈಕಲ್ ತುಳಿಯುತ್ತಾ ಬಂದರು. ಕಾರುಗಳ ಅಬ್ಬರದಲ್ಲಿ ಮನುಷ್ಯರಿಗೆ ಜಾಗವಿಲ್ಲವಾಗಿದೆ ಎಂಬುದು ಅವರ ದೂರು. ಅದೊಂದು ಪ್ರತಿಭಟನೆ, ಆದರೆ ನೋಡುವವರಿಗೆ ಜಾತ್ರೆಯಂತೆ ಕಂಡಿತು. 1976ರಲ್ಲಿ ನಗರಾಡಳಿತ ಇದಕ್ಕೆ ಅಧಿಕೃತ ಮುದ್ರೆ ಒತ್ತಿತು. 'ಸಿಕ್ಲೊವಿಯಾ' ಎಂದು ಕರೆಯಲಾಗುವ ಈ ಪದ್ಧತಿ ಇಂದಿಗೂ ನಡೆದುಬಂದಿದೆ. ಪ್ರತಿ ಭಾನುವಾರ ಮತ್ತು ರಜಾದಿನಗಳಲ್ಲಿ ಬೆಳಿಗ್ಗೆ ಏಳರಿಂದ ಮಧ್ಯಾಹ್ನ ಎರಡರ ತನಕ 120 ಕಿ.ಮೀ.ಗೂ ಹೆಚ್ಚು ರಸ್ತೆ ಕಾರುಗಳಿಂದ ಮುಕ್ತವಾಗಿರುತ್ತದೆ. ಹತ್ತು ಲಕ್ಷಕ್ಕೂ ಹೆಚ್ಚು ಜನ ಅಲ್ಲಿ ನಡೆಯುತ್ತಾರೆ, ಓಡುತ್ತಾರೆ, ಸೈಕಲ್ ಹೊಡೆಯುತ್ತಾರೆ.

ವಾರಕ್ಕೊಮ್ಮೆ ಏಳು ಗಂಟೆ ರಸ್ತೆ ಮುಚ್ಚಿದರೆ ಸೋಮವಾರದ ದಟ್ಟಣೆ ಕಡಿಮೆಯಾದೀತೇ ಎಂದು ಕೇಳಬಹುದು. ಖಂಡಿತ ಇಲ್ಲ. ಆದರೆ ಅದರ ಪರಿಣಾಮ ಬೇರೆ ಕಡೆ ಆಯಿತು. ಒಂದು ತಲೆಮಾರಿನ ಮಕ್ಕಳು ವಾರಕ್ಕೊಮ್ಮೆ ಹೆದ್ದಾರಿಯ ನಡುವೆ ಹೆದರಿಕೆಯಿಲ್ಲದೆ ಸೈಕಲ್ ಕಲಿತರು. ದಕ್ಷಿಣದ ಗುಡ್ಡದವರೂ ಉತ್ತರದ ಬಂಗಲೆಯವರೂ ಒಂದೇ ರಸ್ತೆಯಲ್ಲಿ ಒಟ್ಟಿಗೆ ಬೆವರಿದರು. ರಸ್ತೆ ಕಾರಿನ ಪಿತ್ರಾರ್ಜಿತ ಆಸ್ತಿಯಲ್ಲ, ಬೇಕೆಂದರೆ ಅದನ್ನು ಬೇರೆ ರೀತಿಯಲ್ಲೂ ಹಂಚಬಹುದು ಎಂಬುದನ್ನು ಅವರು ಭಾಷಣದಲ್ಲಿ ಕೇಳಿ ಕಲಿಯಲಿಲ್ಲ, ಕಾಲಲ್ಲಿ ತುಳಿದು ಕಲಿತರು. ಇಪ್ಪತ್ತು ವರ್ಷಗಳ ನಂತರ ದೊಡ್ಡ ಬದಲಾವಣೆಗೆ ಕೈಹಾಕಿದವರಿಗೆ ಈ ಅಭ್ಯಾಸ ಬಹಳ ಉಪಕಾರವಾಯಿತು.

ಮೂಕಾಭಿನಯದ ಪಾಠ

1988ರ ತನಕ ಬೊಗೊಟಾದ ಮೇಯರನ್ನು ಮೇಲಿನಿಂದ ನೇಮಿಸಲಾಗುತ್ತಿತ್ತು. ಆ ವರ್ಷ ಮೊದಲ ಬಾರಿಗೆ ಜನರೇ ಮೇಯರನ್ನು ಚುನಾಯಿಸಿದರು. ಮೂರು ವರ್ಷಗಳ ಆಡಳಿತಕ್ಕಾಗಿ 1995ರಲ್ಲಿ ಅಧಿಕಾರಕ್ಕೆ ಬಂದ ಅಂತಾನಾಸ್ ಮೋಕಸ್ ಗಣಿತ ಮತ್ತು ತತ್ವಶಾಸ್ತ್ರ ಓದಿದವರು, ರಾಷ್ಟ್ರೀಯ ವಿಶ್ವವಿದ್ಯಾಲಯದ ಮುಖ್ಯಸ್ಥರಾಗಿದ್ದವರು. ಯಾವ ಪಕ್ಷದ ಬೆಂಬಲವೂ ಇಲ್ಲದೆ ಗೆದ್ದವರು.

ಆಗ ಬೊಗೊಟಾದ ರಸ್ತೆಗಳಲ್ಲಿ ವರ್ಷಕ್ಕೆ ಸುಮಾರು 1,300 ಜನ ಅಪಘಾತಗಳಿಗೆ ಬಲಿಯಾಗುತ್ತಿದ್ದರು. ಮೋಕಸ್ ಮೊದಲು ದಂಡ ಹೆಚ್ಚಿಸಲಿಲ್ಲ. ಮುಖಕ್ಕೆ ಬಿಳಿ ಬಣ್ಣ ಬಳಿದ ಮೂಕಾಭಿನಯದ ಕಲಾವಿದರನ್ನು ವೃತ್ತಗಳಲ್ಲಿ ನಿಲ್ಲಿಸಿದರು. ಪಾದಚಾರಿಗಳ ಪಟ್ಟೆಯ ಮೇಲೆ ಕಾರು ನಿಲ್ಲಿಸಿದವರನ್ನು, ಅಡ್ಡಾದಿಡ್ಡಿ ರಸ್ತೆ ದಾಟಿದವರನ್ನು ಇವರು ಒಂದೂ ಮಾತಾಡದೆ ಅಣಕಿಸುತ್ತಿದ್ದರು. ಸುತ್ತಲಿನವರು ನಗುತ್ತಿದ್ದರು. ದಂಡಕ್ಕೆ ಹೆದರದವನೂ ಈ ನಗುವಿಗೆ ಹೆದರಿದ. ತಪ್ಪು ಮಾಡಿದವನಿಗೆ ತೋರಿಸಲು ಹೆಬ್ಬೆರಳು ಕೆಳಮುಖವಾಗಿರುವ, ಸೌಜನ್ಯ ತೋರಿದವನಿಗೆ ಮೇಲ್ಮುಖವಾಗಿರುವ ಕಾರ್ಡುಗಳನ್ನು ಲಕ್ಷಗಟ್ಟಲೆ ಮುದ್ರಿಸಿ ಜನರಿಗೆ ಹಂಚಲಾಯಿತು. ಪಾದಚಾರಿಗಳು ಸತ್ತ ಜಾಗಗಳಲ್ಲಿ ರಸ್ತೆಯ ಮೇಲೆಯೇ ನಕ್ಷತ್ರದ ಗುರುತು ಬರೆಯಲಾಯಿತು. ಲಂಚಕ್ಕೆ ಹೆಸರಾಗಿದ್ದ ಸಂಚಾರ ಪೊಲೀಸ್ ವ್ಯವಸ್ಥೆಯನ್ನು ವಿಸರ್ಜಿಸಲಾಯಿತು.

ಇದನ್ನು ಕೇಳಿ ನಾಟಕ ಎನ್ನುವವರಿದ್ದಾರೆ. ಆದರೆ ಹೊಸ ಶತಮಾನದ ಆರಂಭದ ವರ್ಷಗಳಲ್ಲಿ ಆ ನಗರದ ರಸ್ತೆ ಸಾವುಗಳು ಸುಮಾರು 600ಕ್ಕೆ ಇಳಿದಿದ್ದವು. ಇದಕ್ಕೆ ಬೇರೆ ಕಾರಣಗಳೂ ಸೇರಿವೆ, ನಿಜ. ರಸ್ತೆಯಲ್ಲಿ ನಡೆಯುವವನೂ ಒಬ್ಬ ಮನುಷ್ಯ ಎಂಬುದನ್ನು ಊರಿಗೆ ನೆನಪಿಸಿದ ಕೆಲಸವನ್ನು ಮಾತ್ರ ಈ ಮೂಕರೇ ಮಾಡಿದರು.

ಫುಟ್‌ಪಾತಿನ ಜಗಳ

1998ರಲ್ಲಿ ಮೇಯರ್ ಆದ ಎನ್ರಿಕೆ ಪೆನ್ಯಲೋಸಾ ಬೇರೆಯೇ ಸ್ವಭಾವದವರು. ಅವರ ಮೇಜಿನ ಮೇಲೆ ಜಪಾನಿನ ನೆರವಿನಿಂದ ತಯಾರಾದ ದೊಡ್ಡ ಯೋಜನೆಯೊಂದಿತ್ತು. ಅದರಲ್ಲಿ ಎತ್ತರದ ಹೆದ್ದಾರಿಗಳ ಜಾಲವೂ ಸೇರಿತ್ತು. ಪೆನ್ಯಲೋಸಾ ಅದನ್ನು ಬದಿಗಿಟ್ಟರು. ಹತ್ತರಲ್ಲಿ ಎಂಟು ಮಂದಿಗೆ ಕಾರೇ ಇಲ್ಲದ ಊರಿನಲ್ಲಿ ಇರುವ ಹಣವನ್ನೆಲ್ಲ ಕಾರಿನ ರಸ್ತೆಗೆ ಸುರಿಯುವುದು ಯಾವ ನ್ಯಾಯ ಎಂಬುದು ಅವರ ವಾದ. ಕಾನೂನಿನ ಮುಂದೆ ಎಲ್ಲರೂ ಸಮಾನರೆನ್ನುವುದಾದರೆ, ನೂರು ಜನರಿರುವ ಬಸ್ಸಿಗೆ ಒಬ್ಬನಿರುವ ಕಾರಿಗಿಂತ ನೂರು ಪಾಲು ಹೆಚ್ಚು ರಸ್ತೆ ಸಿಗಬೇಕು ಎಂಬ ಅವರ ಲೆಕ್ಕ ಮುಂದೆ ಜಗತ್ತಿನಾದ್ಯಂತ ಪ್ರಸಿದ್ಧವಾಯಿತು. ಲೆಕ್ಕ ಸರಳ, ಅದನ್ನು ಜಾರಿ ಮಾಡುವುದು ಸರಳವಾಗಿರಲಿಲ್ಲ.

ಅವರು ಮೊದಲು ಕೈಹಾಕಿದ್ದು ಫುಟ್‌ಪಾತಿಗೆ. ಅಲ್ಲಿ ಕಾರು ನಿಲ್ಲಿಸದಂತೆ ಉದ್ದಕ್ಕೂ ಗಿಡ್ಡ ಕಂಬಗಳನ್ನು ನೆಡಿಸಿದರು. ಅಂಗಡಿಯವರು ತಿರುಗಿಬಿದ್ದರು. ಕಾರು ನಿಲ್ಲಿಸಲಾಗದಿದ್ದರೆ ಗಿರಾಕಿ ಬರುವುದಿಲ್ಲ ಎಂಬ ಗೋಳು ಎಲ್ಲ ಊರುಗಳಲ್ಲೂ ಒಂದೇ ತೆರನಾದುದು. ಮೇಯರನ್ನು ಅಧಿಕಾರದಿಂದ ಇಳಿಸಲು ಸಹಿ ಸಂಗ್ರಹವೂ ನಡೆಯಿತು, ಆದರೆ ಅದು ಫಲಿಸಲಿಲ್ಲ. 1998ರಲ್ಲೇ ಕಾರುಗಳ ನಂಬರ್ ಪ್ಲೇಟಿನ ಕೊನೆಯ ಅಂಕಿಯ ಆಧಾರದಲ್ಲಿ, ವಾರಕ್ಕೆ ಎರಡು ದಿನ, ದಟ್ಟಣೆಯ ಹೊತ್ತಿನಲ್ಲಿ ಅವುಗಳನ್ನು ರಸ್ತೆಗಿಳಿಸದಂತೆ ನಿಯಮ ಬಂತು. 2000ದ ಫೆಬ್ರವರಿ 24ರಂದು, ಒಂದು ಸಾಮಾನ್ಯ ಗುರುವಾರ, ಇಡೀ ನಗರದಲ್ಲಿ ಖಾಸಗಿ ಕಾರುಗಳ ಓಡಾಟವನ್ನು ಹಗಲಿಡೀ ನಿಲ್ಲಿಸಲಾಯಿತು. ಊರು ಸ್ತಬ್ಧವಾಗಲಿಲ್ಲ. ಜನ ಬಸ್ಸು, ಟ್ಯಾಕ್ಸಿ, ಸೈಕಲ್ ಹಿಡಿದು, ನಡೆದು ಕೆಲಸಕ್ಕೆ ಹೋದರು. ಅದೇ ವರ್ಷದ ಅಕ್ಟೋಬರಿನಲ್ಲಿ ನಡೆದ ಜನಮತಗಣನೆಯಲ್ಲಿ ಪ್ರತಿವರ್ಷ ಇಂಥದೊಂದು ದಿನ ಇರಲಿ ಎಂದು ಜನರೇ ತೀರ್ಪಿತ್ತರು. ಫೆಬ್ರವರಿಯ ಮೊದಲ ಗುರುವಾರ ಅದಕ್ಕೆ ಗೊತ್ತಾಯಿತು. 2015ರಿಂದ ದಟ್ಟಣೆಯ ಹೊತ್ತಿನಲ್ಲಿ ಕಾರುಗಳನ್ನು ಪೂರ್ತಿ ನಿಷೇಧಿಸುವ ಇನ್ನೊಂದು ಪ್ರಶ್ನೆಯನ್ನೂ ಆಗ ಜನರ ಮುಂದಿಡಲಾಗಿತ್ತು. ಅದು ಜಾರಿಗೆ ಬರಲಿಲ್ಲ.

ಸೈಕಲ್ಲಿಗಾಗಿ ಇನ್ನೂರಕ್ಕೂ ಹೆಚ್ಚು ಕಿಲೋಮೀಟರ್ ಪ್ರತ್ಯೇಕ ಪಥಗಳು ನಿರ್ಮಾಣವಾದದ್ದು ಇದೇ ಕಾಲದಲ್ಲಿ. ಅದರಲ್ಲಿ 'ಎಲ್ ಪೊರ್ವೆನಿರ್' ಎಂಬ ಹಾದಿಯ ಚಿತ್ರವನ್ನು ನಗರ ಯೋಜನೆಯ ಪುಸ್ತಕಗಳಲ್ಲಿ ಹಲವರು ನೋಡಿರಬಹುದು. ಬಡವರ ಬಡಾವಣೆಗಳ ಮೂಲಕ ಹಾದುಹೋಗುವ ಹದಿನೇಳು ಕಿಲೋಮೀಟರಿನ ಅಗಲವಾದ ನೆಲಹಾಸಿನ ದಾರಿ ಅದು. ನಡೆಯುವವರಿಗೆ ಮತ್ತು ಸೈಕಲ್ಲಿನವರಿಗೆ ಮಾತ್ರ. ಅದರ ಪಕ್ಕದಲ್ಲಿ ಕಾರು ಹೋಗಬೇಕಾದ ಜಾಗ ಇನ್ನೂ ಕೆಸರು. ನಮ್ಮ ಯಾವುದೇ ಹೊಸ ಬಡಾವಣೆಯಲ್ಲಿ ಮೊದಲು ಡಾಮರು ಬೀಳುವುದು ಎಲ್ಲಿಗೆ ಎಂದು ನೆನಪಿಸಿಕೊಂಡರೆ ಈ ಚಿತ್ರದ ಅರ್ಥ ತಿಳಿದೀತು.

ಕೆಂಪು ಬಸ್ಸು

2000ದ ಡಿಸೆಂಬರ್ 18ರಂದು, ತಮ್ಮ ಅಧಿಕಾರಾವಧಿ ಮುಗಿಯಲು ಎರಡೇ ವಾರವಿದ್ದಾಗ, ಪೆನ್ಯಲೋಸಾ 'ಟ್ರಾನ್ಸ್‌ಮಿಲೇನಿಯೊ' ಬಸ್ಸುಗಳಿಗೆ ಚಾಲನೆ ಕೊಟ್ಟರು. ಇದರ ಮೂಲ ಕಲ್ಪನೆ ಬ್ರೆಜಿಲಿನ ಕುರಿಟಿಬಾ ನಗರದ್ದು. ವಾಸ್ತುಶಿಲ್ಪಿ ಜೈಮೆ ಲೆರ್ನರ್ ಮೇಯರ್ ಆಗಿದ್ದಾಗ, 1974ರಲ್ಲಿ, ಅಲ್ಲಿ ಬಸ್ಸುಗಳಿಗೆಂದೇ ಪ್ರತ್ಯೇಕ ಪಥ ಮಾಡಲಾಗಿತ್ತು. ಬೊಗೊಟಾ ಅದನ್ನು ಹಿರಿದು ಮಾಡಿತು. ರಸ್ತೆಯ ನಟ್ಟನಡುವಿನ ಪಥಗಳು ಬಸ್ಸಿಗೆ ಮಾತ್ರ. ನಡುವೆ ರೈಲ್ವೆ ಸ್ಟೇಷನ್ನಿನಂಥ ನಿಲ್ದಾಣ. ಟಿಕೆಟನ್ನು ಒಳಗೆ ಹೋಗುವಾಗಲೇ ಕೊಳ್ಳಬೇಕು, ಬಸ್ಸಿನ ನೆಲ ಮತ್ತು ನಿಲ್ದಾಣದ ನೆಲ ಒಂದೇ ಮಟ್ಟ. 160 ಜನರನ್ನು ಹೊರುವ ಜೋಡು ಬಸ್ಸು ನಿಂತು ಹೊರಡಲು ಕೆಲವೇ ಸೆಕೆಂಡು ಸಾಕು. ನಿಲ್ದಾಣಗಳಲ್ಲಿ ಒಂದು ಬಸ್ಸು ಇನ್ನೊಂದನ್ನು ದಾಟಿಹೋಗಲು ಜಾಗವಿದ್ದುದರಿಂದ ವೇಗದೂತ ಬಸ್ಸುಗಳೂ ಓಡಿದವು. ಒಂದೇ ದಿಕ್ಕಿನಲ್ಲಿ ಗಂಟೆಗೆ 40 ಸಾವಿರಕ್ಕೂ ಹೆಚ್ಚು ಜನರನ್ನು ಈ ವ್ಯವಸ್ಥೆ ಸಾಗಿಸಿ ತೋರಿಸಿತು. ಅನೇಕ ಮೆಟ್ರೋಗಳಿಗೂ ಇದು ಸಾಧ್ಯವಾಗಿಲ್ಲ.

ಕಾಸಿನ ಯುದ್ಧ ನಿಂತದ್ದು ಹೇಗೆಂಬುದು ನಮಗೆ ಇನ್ನೂ ಮುಖ್ಯ. ಬಸ್ಸು ಓಡಿಸುವ ಕಂಪೆನಿಗಳು ಇಲ್ಲಿಯೂ ಖಾಸಗಿಯೇ. ಆದರೆ ಅವುಗಳಿಗೆ ಹಣ ಸಿಗುವುದು ತಲೆ ಲೆಕ್ಕದಲ್ಲಲ್ಲ, ಓಡಿದ ಕಿಲೋಮೀಟರಿನ ಲೆಕ್ಕದಲ್ಲಿ. ಟಿಕೆಟ್ಟಿನ ಹಣ ಒಂದೇ ಪೆಟ್ಟಿಗೆಗೆ ಬೀಳುತ್ತದೆ; ರೂಟು, ಸಮಯ, ಬಸ್ಸುಗಳ ಸಂಖ್ಯೆಯನ್ನು ನಗರಾಡಳಿತದ ಸಂಸ್ಥೆ ನಿರ್ಧರಿಸುತ್ತದೆ. ಚಾಲಕನಿಗೆ ಸಂಬಳ. ಹಾಗಾಗಿ ಮುಂದಿನ ಬಸ್ಸನ್ನು ಹಿಂದಿಕ್ಕುವುದರಿಂದ ಯಾರಿಗೂ ಲಾಭವಿಲ್ಲ. ಹಳೆಯ ಮಾಲೀಕರನ್ನು ಬೀದಿಗೆ ತಳ್ಳದೆ ಹೊಸ ಕಂಪೆನಿಗಳಲ್ಲಿ ಪಾಲುದಾರರಾಗಲು ಅವಕಾಶ ಕೊಡಲಾಯಿತು. ಪಥ ನಿರ್ಮಾಣದ ಹಣದಲ್ಲಿ ಒಂದು ಭಾಗ ಬಂದದ್ದು ಪೆಟ್ರೋಲಿನ ಮೇಲಿನ ಹೆಚ್ಚುವರಿ ತೆರಿಗೆಯಿಂದ. ಅಂದರೆ ಕಾರು ಓಡಿಸುವವರು ಬಸ್ಸಿನ ದಾರಿಗೆ ಸ್ವಲ್ಪ ಕೊಡುಗೆ ಕೊಟ್ಟಂತಾಯಿತು.

ಮೊದಲ ವರ್ಷಗಳಲ್ಲಿ ಪ್ರಯಾಣದ ಸಮಯ ಸುಮಾರು ಮೂರನೇ ಒಂದರಷ್ಟು ಕಡಿಮೆಯಾಯಿತು. ದಕ್ಷಿಣದ ಗುಡ್ಡದ ಹೆಂಗಸಿಗೆ ಅದರ ಅರ್ಥ, ಬೆಳಿಗ್ಗೆ ಅರ್ಧ ಗಂಟೆ ಹೆಚ್ಚು ನಿದ್ದೆ, ರಾತ್ರಿ ಮಕ್ಕಳು ಮಲಗುವ ಮೊದಲು ಮನೆ. 2001ರಲ್ಲಿ ಮತ್ತೆ ಮೇಯರ್ ಆಗಿ ಬಂದ ಮೋಕಸ್ ಹಿಂದಿನವರ ಕೆಲಸವನ್ನು ಕಸದ ಬುಟ್ಟಿಗೆ ಹಾಕಲಿಲ್ಲ, ಮುಂದುವರಿಸಿದರು. ಸರಕಾರ ಬದಲಾದೊಡನೆ ಯೋಜನೆಯ ಹೆಸರು, ಬಣ್ಣ, ಬೋರ್ಡುಗಳೆಲ್ಲ ಬದಲಾಗುವುದನ್ನು ನೋಡಿ ಬಲ್ಲ ನಮಗೆ ಇದೂ ಗಮನಿಸಬೇಕಾದ ಸಂಗತಿಯೇ.

ಬಸ್ಸು ತುಂಬಿ ತುಳುಕಿದಾಗ

ಕತೆ ಇಲ್ಲಿಗೆ ಮುಗಿದಿದ್ದರೆ ಚೆನ್ನಾಗಿತ್ತು. ಮೂಲ ಯೋಜನೆಯ ಪ್ರಕಾರ 2016ರೊಳಗೆ 380 ಕಿ.ಮೀ.ಗೂ ಹೆಚ್ಚು ಬಸ್ ಪಥ ಆಗಬೇಕಿತ್ತು. ಆ ಹೊತ್ತಿಗೆ ಆದದ್ದು 115 ಕಿ.ಮೀ. ಆಸುಪಾಸು. ಪ್ರಯಾಣಿಕರು ಮಾತ್ರ ಕಾಯಲಿಲ್ಲ. ದಿನಕ್ಕೆ ಇಪ್ಪತ್ತು ಲಕ್ಷಕ್ಕೂ ಹೆಚ್ಚು ಜನ ಹತ್ತತೊಡಗಿದರು. ಮೂರನೇ ಹಂತದ ಕಾಮಗಾರಿಯ ಗುತ್ತಿಗೆಗಳಲ್ಲಿ ಭಾರೀ ಲಂಚದ ಹಗರಣ ಹೊರಬಿತ್ತು. ಮೇಯರ್ ಸ್ಯಾಮ್ಯುಯೆಲ್ ಮೊರೆನೊ 2011ರಲ್ಲಿ ಹುದ್ದೆಯಿಂದ ಅಮಾನತುಗೊಂಡು, ಮುಂದೆ ಜೈಲು ಸೇರಿದರು. 2012ರ ಮಾರ್ಚಿನಲ್ಲಿ ನೂಕುನುಗ್ಗಲಿನಿಂದ ರೋಸಿಹೋದ ಜನರ ಪ್ರತಿಭಟನೆ ಹಿಂಸೆಗೆ ತಿರುಗಿ ಹಲವು ನಿಲ್ದಾಣಗಳ ಗಾಜು ಪುಡಿಯಾಯಿತು. ಹೆಂಗಸರ ಸ್ಥಿತಿ ಇನ್ನೂ ಕೆಟ್ಟದ್ದಾಗಿತ್ತು. 2014ರಲ್ಲಿ ಥಾಮ್ಸನ್ ರಾಯ್ಟರ್ಸ್ ಪ್ರತಿಷ್ಠಾನ 16 ಮಹಾನಗರಗಳಲ್ಲಿ ನಡೆಸಿದ ಸಮೀಕ್ಷೆಯಲ್ಲಿ, ಮಹಿಳೆಯರಿಗೆ ಸಾರಿಗೆ ಅತ್ಯಂತ ಅಸುರಕ್ಷಿತವಾಗಿರುವ ನಗರವೆಂದು ಬೊಗೊಟಾ ಗುರುತಿಸಲ್ಪಟ್ಟಿತು.

ಕಾರಿನ ಮೇಲಿನ ನಿರ್ಬಂಧವೂ ಅಡ್ಡದಾರಿ ಹಿಡಿಯಿತು. 2009ರಲ್ಲಿ ಆ ನಿಯಮವನ್ನು ಇಡೀ ಹಗಲಿಗೆ ವಿಸ್ತರಿಸಿದಾಗ ಉಳ್ಳವರು ಬೇರೆ ಅಂಕಿಯ ನಂಬರಿರುವ ಎರಡನೇ ಕಾರು ಕೊಂಡರು. 2012ರಲ್ಲಿ ಅದನ್ನು ಮತ್ತೆ ದಟ್ಟಣೆಯ ಹೊತ್ತಿಗೆ ಸೀಮಿತಗೊಳಿಸಲಾಯಿತು. 2020ರಿಂದ ಹಣ ಕಟ್ಟಿದವರಿಗೆ ನಿಯಮದಿಂದ ವಿನಾಯಿತಿಯೂ ಸಿಗತೊಡಗಿತು.

ಎಲ್ಲಕ್ಕಿಂತ ದೊಡ್ಡ ನಷ್ಟ ಸದ್ದಿಲ್ಲದೆ ಆಯಿತು. ನೂಕುನುಗ್ಗಲಿನಲ್ಲಿ ಬೇಸತ್ತ ಯುವಕರು ಕಂತಿನಲ್ಲಿ ಮೋಟಾರ್ ಸೈಕಲ್ ಕೊಂಡರು. ಅವರು ಶ್ರೀಮಂತರಲ್ಲ, ನಿನ್ನೆಯ ತನಕ ಬಸ್ಸಿನಲ್ಲಿದ್ದವರೇ. ಬೊಗೊಟಾದ ರಸ್ತೆಗಳಿಗೆ ಲಕ್ಷಾಂತರ ಮೋಟಾರ್ ಸೈಕಲ್ಲುಗಳು ಇಳಿದವು. ಒಮ್ಮೆ ಬಸ್ಸು ಬಿಟ್ಟವರನ್ನು ಮತ್ತೆ ಹತ್ತಿಸುವುದು ಬಹಳ ಕಷ್ಟ.

ಆದರೂ ಆ ನಗರ ಕೈಚೆಲ್ಲಲಿಲ್ಲ ಎಂಬುದನ್ನೂ ಹೇಳಬೇಕು. 2018ರ ಡಿಸೆಂಬರಿನಲ್ಲಿ ದಕ್ಷಿಣದ ಸಿಯುದಾದ್ ಬೊಲಿವಾರ್ ಗುಡ್ಡಗಳಿಗೆ ತಂತಿಯ ಮೇಲೆ ತೂಗುತ್ತಾ ಹೋಗುವ ತೊಟ್ಟಿಲು ಗಾಡಿ ಬಂತು. ಒಂದು ಗಂಟೆಯ ತನಕ ಹಿಡಿಯುತ್ತಿದ್ದ ಇಳಿಜಾರಿನ ದಾರಿ ಕಾಲು ಗಂಟೆಯೊಳಗೆ ಮುಗಿಯಿತು. 2020ರಲ್ಲಿ ಕೊರೋನಾ ಬಂದಾಗ ನಗರಾಡಳಿತ ರಾತ್ರಿ ಬೆಳಗಾಗುವುದರೊಳಗೆ ರಸ್ತೆಗಳಲ್ಲಿ ಪ್ಲಾಸ್ಟಿಕ್ ಕೋನುಗಳನ್ನಿಟ್ಟು ಸೈಕಲ್ಲಿಗೆ ಹೊಸ ಪಥಗಳನ್ನು ಗುರುತಿಸಿತು. ಅವು ಸುಮಾರು 80 ಕಿ.ಮೀ.ಗೆ ಬೆಳೆದವು, ಅದರಲ್ಲಿ ಹಲವು ಖಾಯಂ ಆದವು. 1990ರ ದಶಕದ ಮಧ್ಯದಲ್ಲಿ ನೂರು ಪ್ರಯಾಣಗಳಲ್ಲಿ ಒಂದೂ ಸೈಕಲ್ಲಿನದಾಗಿರಲಿಲ್ಲ. 2019ರ ಹೊತ್ತಿಗೆ ಆರಕ್ಕಿಂತ ಹೆಚ್ಚಾಗಿತ್ತು. ಇಂದು ಅಲ್ಲಿ 1,400ಕ್ಕೂ ಹೆಚ್ಚು ವಿದ್ಯುತ್ ಬಸ್ಸುಗಳಿವೆ. 2022ರಲ್ಲಿ ನಗರಾಡಳಿತ ತನ್ನದೇ ಬಸ್ ಸಂಸ್ಥೆಯನ್ನೂ ಆರಂಭಿಸಿತು. 1940ರ ದಶಕದಿಂದ ಮಾತಿನಲ್ಲೇ ಇದ್ದ ಮೆಟ್ರೋ ಈಗ ಕಟ್ಟಡವಾಗಿ ಏಳುತ್ತಿದೆ. 2028ರಲ್ಲಿ ಓಡಿಸುವ ಗುರಿಯಿದೆ.

ನಮ್ಮ ರಸ್ತೆಗಳು

ಬೊಗೊಟಾದ ಪ್ರಭಾವ ನಮ್ಮಲ್ಲಿಗೂ ಬಂದಿದೆ. 2009ರಲ್ಲಿ ಅಹಮದಾಬಾದಿನ 'ಜನಮಾರ್ಗ' ಬಸ್ಸುಗಳು ಅದೇ ಮಾದರಿಯಲ್ಲಿ ಓಡಿದವು. 2013ರಲ್ಲಿ ಗುರುಗಾಂವ್‌ನಲ್ಲಿ ಆರಂಭವಾದ ವಾಹನಮುಕ್ತ ಭಾನುವಾರಗಳಿಗೆ ಸಿಕ್ಲೊವಿಯಾವೇ ಸ್ಫೂರ್ತಿ. ದಿಲ್ಲಿಯ ಅನುಭವ ಮಾತ್ರ ಕಹಿಯಾದುದು. 2008ರಲ್ಲಿ ಅಲ್ಲಿ ಆರು ಕಿಲೋಮೀಟರಿಗೂ ಕಡಿಮೆ ಉದ್ದದ ಬಸ್ ಪಥ ಮಾಡಲಾಯಿತು. ಕಾರಿನವರು ಕೋರ್ಟಿಗೆ ಹೋದರು. 2012ರಲ್ಲಿ ದಿಲ್ಲಿ ಹೈಕೋರ್ಟು ಅವರ ಅರ್ಜಿಯನ್ನು ತಳ್ಳಿಹಾಕಿತು. ಕೋರ್ಟಿನಲ್ಲಿ ಗೆದ್ದ ಬಸ್ಸು ರಾಜಕೀಯದಲ್ಲಿ ಸೋತಿತು. 2016ರಲ್ಲಿ ಪಥವನ್ನು ಕಿತ್ತುಹಾಕಲಾಯಿತು.

ನಮ್ಮ ರಾಜ್ಯದಲ್ಲಿ ಹುಬ್ಬಳ್ಳಿ ಮತ್ತು ಧಾರವಾಡಗಳ ನಡುವಿನ ಸುಮಾರು 22 ಕಿ.ಮೀ. ದಾರಿಯಲ್ಲಿ 2018ರಿಂದ 'ಚಿಗರಿ' ಬಸ್ಸುಗಳು ಓಡುತ್ತಿವೆ. ನಡುರಸ್ತೆಯ ಪಥ, ಎತ್ತರದ ನಿಲ್ದಾಣ, ಮೊದಲೇ ಟಿಕೆಟು, ಎಲ್ಲವೂ ಅದೇ ವಂಶದ್ದು. ಆರಂಭದಲ್ಲಿ ಜನ ಮೆಚ್ಚಿ ಹತ್ತಿದರು. ವರ್ಷ ಕಳೆದಂತೆ ಬಸ್ಸುಗಳ ನಿರ್ವಹಣೆಯ ಬಗ್ಗೆ ದೂರುಗಳು ಬಂದವು. ಪಥವನ್ನು ಎಲ್ಲ ವಾಹನಗಳಿಗೂ ಬಿಟ್ಟುಕೊಡಿ ಎಂಬ ಕೂಗೂ ಎದ್ದಿತು. ಬೆಂಗಳೂರಿನಲ್ಲಿ 2019ರಲ್ಲಿ ಸಿಲ್ಕ್ ಬೋರ್ಡ್‌ನಿಂದ ಕೆ.ಆರ್. ಪುರದ ತನಕ ಬಸ್ಸಿಗೆಂದು ಬೇರ್ಪಡಿಸಿದ ಪಥ ಮೆಟ್ರೋ ಕಾಮಗಾರಿಯ ನಡುವೆ ಮಾಯವಾಯಿತು. ಅದೇ ನಗರದಲ್ಲಿ ಇಂದು ನೋಂದಾಯಿತ ವಾಹನಗಳು ಒಂದು ಕೋಟಿ ದಾಟಿವೆ. ಅದರಲ್ಲಿ ಬಹುಪಾಲು ಕಾರುಗಳಲ್ಲ, ದ್ವಿಚಕ್ರಗಳು. 2023ರ ಜೂನ್‌ನಲ್ಲಿ 'ಶಕ್ತಿ' ಯೋಜನೆ ಬಂದಾಗ ಹೆಂಗಸರು ಸರಕಾರಿ ಬಸ್ಸುಗಳನ್ನು ತುಂಬಿಕೊಂಡ ರೀತಿಯೇ, ಬಸ್ಸು ಎಷ್ಟು ಬೇಕಾಗಿತ್ತು ಎಂಬುದಕ್ಕೆ ಸಾಕ್ಷಿ. ಖಾಸಗಿ ಬಸ್ಸುಗಳೇ ಓಡುವ ಕರಾವಳಿಯ ರೂಟುಗಳಲ್ಲಿ ಆ ಭಾಗ್ಯವಿಲ್ಲ. ಹತ್ತುವವರು ಹೆಚ್ಚಾದ ಕಡೆ ಬಸ್ಸುಗಳೂ ಅದೇ ಪ್ರಮಾಣದಲ್ಲಿ ಹೆಚ್ಚಾದವೇ ಎಂಬ ಪ್ರಶ್ನೆಯನ್ನು, ಬೊಗೊಟಾದ 2012ರ ಮಾರ್ಚನ್ನು ನೆನಪಿಟ್ಟುಕೊಂಡು, ಕೇಳುತ್ತಲೇ ಇರಬೇಕು.

ಹಾಗಾದರೆ ಬಸ್ಸು ಮತ್ತು ಸೈಕಲ್ಲು ಕಾರಿನ ಸ್ಥಾನವನ್ನು ತುಂಬಬಲ್ಲವೇ? ರೋಗಿಯನ್ನು ಮಧ್ಯರಾತ್ರಿ ಆಸ್ಪತ್ರೆಗೆ ಒಯ್ಯಬೇಕಾದವರಿಗೆ, ನಡೆಯಲಾಗದ ವೃದ್ಧರಿಗೆ, ಸಾಮಾನು ಸಾಗಿಸುವವರಿಗೆ ಕಾರು ಬೇಕೇ ಬೇಕು. ಯಾವ ನಗರವೂ ಕಾರನ್ನು ಪೂರ್ತಿ ಅಳಿಸಿಲ್ಲ. ಆದರೆ ಬೊಗೊಟಾದ ಚರಿತ್ರೆಯನ್ನು ನೋಡಿದ ಮೇಲೆ ಪ್ರಶ್ನೆಯನ್ನೇ ತಿದ್ದಿಕೊಳ್ಳಬೇಕೆನಿಸುತ್ತದೆ. ಅಲ್ಲಿಯಂತೆ ಇಲ್ಲಿಯೂ ಬಹುಪಾಲು ಜನರ ಬಳಿ ಕಾರು ಎಂದೂ ಇರಲಿಲ್ಲ. ಬಸ್ಸು ಉಳಿಯುವುದೋ ಅಳಿಯುವುದೋ ಎಂಬುದನ್ನು ತೀರ್ಮಾನಿಸುವವನು ಕಾರಿನಲ್ಲಿರುವ ಧನಿಕನಲ್ಲ. ಬಸ್ಸಿನಲ್ಲಿ ನಿಂತಿರುವ, ಈಗಷ್ಟೇ ಕೈಗೆ ನಾಲ್ಕು ಕಾಸು ಬರತೊಡಗಿರುವ ಹುಡುಗ ಅದನ್ನು ತೀರ್ಮಾನಿಸುತ್ತಾನೆ. ಬಸ್ಸು ಹೊತ್ತಿಗೆ ಸರಿಯಾಗಿ ಬರುವುದಿಲ್ಲ, ಬಂದರೂ ಕಾಲಿಡಲು ಜಾಗವಿಲ್ಲ, ಹತ್ತಿದರೂ ಕಾರುಗಳ ಹಿಂದೆ ನಿಂತಿರುತ್ತದೆ ಎಂದಾದರೆ ಅವನು ಮುಂದಿನ ತಿಂಗಳು ಬೈಕಿನ ಮೊದಲ ಕಂತು ಕಟ್ಟುತ್ತಾನೆ. ಅವನ ತಂಗಿ ಎರಡು ವರ್ಷ ಬಿಟ್ಟು ಸ್ಕೂಟರ್ ಕೊಳ್ಳುತ್ತಾಳೆ. ಅವರನ್ನು ದೂರಿ ಪ್ರಯೋಜನವಿಲ್ಲ.

ಬೊಗೊಟಾ ಅಂಥ ಹುಡುಗನಿಗೆ ಒಂದು ಮಾತು ಕೊಟ್ಟಿತು: ನೀನು ಬಸ್ಸಿನಲ್ಲಿರುವುದರಿಂದ ರಸ್ತೆಯಲ್ಲಿ ನಿನಗೆ ಮೊದಲ ಹಕ್ಕು. ಆ ಮಾತನ್ನು ಉಳಿಸಿಕೊಂಡಷ್ಟು ಕಾಲ ಊರು ಗೆದ್ದಿತು. ಹೊಸ ಪಥ ಕಟ್ಟದೆ, ಹೊಸ ಬಸ್ಸು ತರದೆ, ಗುತ್ತಿಗೆಯ ಹಣ ನುಂಗಿ ಆ ಮಾತಿಗೆ ತಪ್ಪಿದಾಗ ಅವನು ಇಳಿದು ಹೋದ. ನಮ್ಮ ಊರುಗಳಲ್ಲಿ ಅವನಿನ್ನೂ ಬಸ್ ಸ್ಟ್ಯಾಂಡಿನಲ್ಲಿ ನಿಂತಿದ್ದಾನೆ. ಮುಂದಿನ ಬಸ್ಸು ಯಾವಾಗ ಎಂದು ಪಕ್ಕದವರನ್ನು ಕೇಳುತ್ತಿದ್ದಾನೆ.